ಕಾಪರ್‌ಬ್ಯಾಂಡ್‌ಗೆ ಊಟ ಕಲಿಸಿದ ಬಗೆ: ಮರುವಾಯಿ, ಎರಡು ಟಬ್, 72 ಗಂಟೆ

ಬ್ಲ್ಯಾಕ್‌ವರ್ಮ್ (ಮೀನಿಗೆ ಹಾಕುವ ಜೀವಂತ ಹುಳ) ಸರಿಯಾಗಿ ಸಿಗದ ಬೆಂಗಳೂರಿನಲ್ಲಿ ಉದ್ದ ಮೂತಿಯ ಕಡಲ ಮೀನು ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಸಾಕುವ ಆಸೆ ಬಿಡು ಅಂದವರೇ ಜಾಸ್ತಿ. ಊಟ ಮುಟ್ಟದ ಮೀನಿಗೆ ಮರುವಾಯಿ (ಕರಾವಳಿಯ ಚಿಪ್ಪುಜೀವಿ) ಇಟ್ಟು ಊಟ ಕಲಿಸುತ್ತ, ಅದನ್ನು ಮೂರು ದಿನಕ್ಕೊಮ್ಮೆ ಟಬ್‌ನಿಂದ ಟಬ್‌ಗೆ ಎತ್ತಿ ಹಾಕುತ್ತೇನೆ ಅಂದಾಗಂತೂ ಯಾರೂ ಒಪ್ಪಲಿಲ್ಲ. ಆ ಮೀನು ಈಗ ನನ್ನ ರೀಫ್ ಟ್ಯಾಂಕಿನಲ್ಲಿ (ಹವಳ ಇರುವ ಕಡಲನೀರಿನ ಟ್ಯಾಂಕು) ಎರಡನೇ ವರ್ಷ ದಾಟಿದೆ, ಪಿಪೆಟ್ ಕಂಡರೆ ಗಾಜಿಗೆ ಬಂದು ನಿಲ್ಲುತ್ತದೆ. ಆಮೇಲೆ ಇದೇ ದಾರಿಯಲ್ಲಿ ತಂದ ಕಾಪರ್‌ಬ್ಯಾಂಡ್‌ಗಳಲ್ಲಿ ಬಹುಪಾಲು ಉಳಿದಿವೆ. ಅಂಗಡಿಯಿಂದ ನೇರ ಡಿಸ್‌ಪ್ಲೇಗೆ, ಅಂದರೆ ಮನೆಯ ಮುಖ್ಯ ಟ್ಯಾಂಕಿಗೆ, ಬಿಟ್ಟವರ ಮೀನು ಉಳಿಯುವುದು ಅಪರೂಪ.

ಈ ಮೀನು ಬಂಡೆಯ ಸಂದಿಗೆ ಮೂತಿ ತೂರಿಸಿ ಹುಳ ಹೆಕ್ಕುವಂಥದ್ದು. ನೀರಲ್ಲಿ ತೇಲುವುದೂ ಊಟ ಅಂತ ಅದಕ್ಕೆ ಗೊತ್ತೇ ಇಲ್ಲ. ಹಿಡಿದವರಿಂದ ನಮ್ಮ ಕೈಗೆ ಬರುವಷ್ಟರಲ್ಲಿ ಎಷ್ಟೋ ದಿನ ಹೊಟ್ಟೆಗೆ ಏನೂ ಬಿದ್ದಿರುವುದಿಲ್ಲ. ಜೊತೆಗೆ ಇಚ್ (ಮೈಮೇಲೆ ಬಿಳಿ ಚುಕ್ಕೆ ತರುವ ಪರಾವಲಂಬಿ) ಬೇರೆ. ಅದಕ್ಕೆ ಔಷಧವಾಗಿ ತಾಮ್ರ ಹಾಕಿದರೆ, ಚೀಲೇಟೆಡ್ (ಸೌಮ್ಯ ರೂಪದ್ದು) ಆದರೂ 2.0 ರಿಂದ 2.5 ಪಿಪಿಎಂ ಮುಟ್ಟುವಾಗ ಉಳಿದಿದ್ದ ಹಸಿವೂ ಹೋಗುತ್ತದೆ. ಇಚ್ ವಾಸಿಯಾದ ಮೀನು ಹಸಿವಿನಿಂದ ಸಾಯುತ್ತದೆ. ಮೊದಲು ಊಟ ಕಲಿಸಿ ಆಮೇಲೆ ಔಷಧ ಅಂದರೆ, ಅಷ್ಟರಲ್ಲಿ ಇಚ್ ಕಿವಿರಿಗೆ ಇಳಿದಿರುತ್ತದೆ. ಎರಡೂ ಒಟ್ಟಿಗೇ ನಡೆಯಬೇಕು.

ಟ್ಯಾಂಕ್ ಟ್ರಾನ್ಸ್‌ಫರ್, ಅಂದರೆ ಇಚ್ ಹಿಂದೆ ಉಳಿಯುವಂತೆ ಮೀನನ್ನು ಹೊಸ ಟಬ್‌ಗೆ ಎತ್ತಿ ಹಾಕುತ್ತ ಹೋಗುವುದು, ಇದಕ್ಕೆ ಹೊಂದುವುದು ಔಷಧ ಇಲ್ಲ ಎಂಬ ಒಂದೇ ಕಾರಣಕ್ಕಲ್ಲ. ಹಸಿ ಚಿಪ್ಪುಮಾಂಸ ಸಣ್ಣ ಕ್ವಾರಂಟೈನ್ ಟಬ್‌ನ ನೀರನ್ನು ಕೆಲವೇ ದಿನದಲ್ಲಿ ಕೆಡಿಸುತ್ತದೆ, ಅದಕ್ಕೆ ಹೆದರಿ ಎಲ್ಲರೂ ಕಡಿಮೆ ಹಾಕುತ್ತಾರೆ. ಇಲ್ಲಿ ಆ ನೀರನ್ನು 72 ಗಂಟೆಯೊಳಗೆ ಹೇಗಿದ್ದರೂ ಚೆಲ್ಲುತ್ತೇವೆ. ಧಾರಾಳವಾಗಿ ಹಾಕಬಹುದು.

45 ಲೀಟರ್‌ನ ಎರಡು ಪ್ಲಾಸ್ಟಿಕ್ ಟಬ್, ಒಂದೊಂದರಲ್ಲಿ 40 ಲೀಟರ್ ನೀರು. ಎರಡಕ್ಕೂ ಬೇರೆ ಬೇರೆ ಹೀಟರ್, ಏರ್‌ಲೈನ್, ಮೀನು ಅವಿತುಕೊಳ್ಳಲು ಪಿವಿಸಿ ಎಲ್ಬೋ, ಮೇಲೆ ಬಲೆ. ಒಳಗಿನ ಜೋಡಣೆ ಮಾತ್ರ ಪಡಿಯಚ್ಚು: ಎಲ್ಬೋ ಅದೇ ಮೂಲೆ, ಬೆಳಕು ಅದೇ ಕಡೆಯಿಂದ, ಚಿಪ್ಪು ಇಡುವ ಜಾಗ ತಳದಿಂದ ಒಂದು ಗೇಣು ಮೇಲೆ. ಟಬ್ ಬದಲಿಸಿದ ಅರ್ಧ ಗಂಟೆಯಲ್ಲಿ ಮೀನು ಹಳೆ ಜಾಗಕ್ಕೇ ಹೋಗಿ ಚಿಪ್ಪು ಹುಡುಕುತ್ತದೆ. ಸ್ಥಳ ಬದಲಾದರೆ ತಿನ್ನುವುದಿಲ್ಲ ಅನ್ನುವವರಿಗೆ ನನ್ನ ಉತ್ತರ ಇದೇ.

1ನೇ ದಿನ ಮೊದಲ ಟಬ್, ಆಮೇಲೆ 4, 7, 10, 13ನೇ ದಿನ ಬದಲಾವಣೆ. 13ನೇ ದಿನದ್ದೇ ಕೊನೆಯ ಟಬ್, ಅಲ್ಲಿಯವರೆಗೆ ಯಾವ ಟಬ್‌ನಲ್ಲೂ 72 ಗಂಟೆ ಮೀರಬಾರದು. ಮೀನಿನಿಂದ ಉದುರಿದ ಇಚ್ ಸಿಸ್ಟ್ (ಮರಿಗಳಿರುವ ಕೋಶ) ಒಡೆಯಲು ಕನಿಷ್ಠ ಮೂರು ದಿನ ಬೇಕು, ಅದರೊಳಗೆ ಮೀನು ಜಾಗ ಖಾಲಿ ಮಾಡಿರಬೇಕು. ಹಳೆಯ ಟಬ್‌ನಿಂದ ಲೋಟದಷ್ಟೂ ನೀರು, ಚಿಪ್ಪು, ಪೈಪು ಯಾವುದೂ ಹೊಸದಕ್ಕೆ ಹೋಗಬಾರದು. ಬಿಟ್ಟ ಟಬ್ಬನ್ನು ಬ್ಲೀಚ್‌ನಲ್ಲಿ ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ಒಣಗುವುದಿಲ್ಲ, ಆಗ ಮೂರನೇ ಟಬ್ ಇಟ್ಟುಕೊಳ್ಳುವುದೇ ಸರಿ. ಅಂಗಡಿಯ ನೀರಿನ ಉಪ್ಪಿನ ಅಳತೆ (ಸಾಪೇಕ್ಷ ಸಾಂದ್ರತೆ) 1.018 ಇದ್ದರೆ ಮೊದಲ ಟಬ್ ಕೂಡ 1.018, ಪ್ರತಿ ಬದಲಾವಣೆಗೆ 0.002 ಏರಿಸಿ. ನೀರಿನ ಅಮೋನಿಯಾ ತೋರಿಸುವ ಬ್ಯಾಡ್ಜ್ ಎರಡೂ ಟಬ್‌ಗೆ ಬೇಕು. ಅಮೋನಿಯಾಕ್ಕೆಂದು ಹಾಕುವ ಪ್ರೈಮ್ ದ್ರವ ಹಾಕಿದ ಮೇಲೆ ಕೆಲವು ಟೆಸ್ಟ್ ಕಿಟ್ ತಪ್ಪು ತೋರಿಸುತ್ತವೆ, ಅದನ್ನು ನಂಬಿ ಕೂರಬೇಡಿ.

ಒಂದು ಎಚ್ಚರ. ಈ ವಿಧಾನ ಇಚ್‌ಗೆ ಮಾತ್ರ. ಮೈಮೇಲೆ ಸಣ್ಣ ಧೂಳು, ವಿಪರೀತ ಉಸಿರಾಟ, ಪಂಪಿನ ಹರಿವಿಗೆ ಮುಖ ಕೊಟ್ಟು ನಿಲ್ಲುವುದು ಕಂಡರೆ ಅದು ವೆಲ್ವೆಟ್ ಎಂಬ ಬೇರೆ ರೋಗ. ಎರಡು ದಿನ ಕಾಯುವಷ್ಟು ಪುರುಸೊತ್ತು ಅದು ಕೊಡುವುದಿಲ್ಲ. ಹಸಿವು ಹೋದರೂ ಸರಿ, ತಾಮ್ರಕ್ಕೇ ಹೋಗಿ.

ಇನ್ನು ಊಟ. ಸಣ್ಣ ಸೀಗಡಿಯಂಥ ಫ್ರೋಜನ್ ಮೈಸಿಸ್‌ನಿಂದ ಶುರುಮಾಡಿದರೆ ಮೀನು ತಿರುಗಿಯೂ ನೋಡುವುದಿಲ್ಲ, ದುಬಾರಿ ಪ್ಯಾಕೆಟ್ ಟಬ್‌ನ ತಳ ಸೇರುತ್ತದೆ. ಜೀವಂತ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿ) ಹೆಕ್ಕುತ್ತದೆ, ಆದರೆ ಎನ್‌ರಿಚ್ ಮಾಡದ (ಪೋಷಕಾಂಶ ತಿನ್ನಿಸದ) ದೊಡ್ಡ ಆರ್ಟೀಮಿಯಾದಲ್ಲಿ ಸತ್ವ ಕಡಿಮೆ, ತಿನ್ನುತ್ತಲೇ ಸೊರಗುತ್ತದೆ. ಟ್ಯುಬಿಫೆಕ್ಸ್ ಹುಳ ಕೊಳಚೆಯಲ್ಲಿ ಬೆಳೆದದ್ದು, ನಾನು ಒಳಗೆ ಬಿಡುವುದಿಲ್ಲ. ಬೆಳ್ಳುಳ್ಳಿ ರಸದಲ್ಲಿ ಅದ್ದಿದ್ದು, ಅದ್ದದ್ದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ, ಏನೂ ವ್ಯತ್ಯಾಸ ಕಾಣಲಿಲ್ಲ. ಕೆಲಸ ಮಾಡಿದ್ದು ಮರುವಾಯಿ, ಉತ್ತರ ಕನ್ನಡದವರ ಬಳಚು. ರಸೆಲ್ ಮಾರ್ಕೆಟ್‌ನಲ್ಲೋ ಮಂಗಳೂರು ಮೀನು ತರಿಸುವ ಅಂಗಡಿಯಲ್ಲೋ ವಿಚಾರಿಸಿ, ಬಾಯಿ ಮುಚ್ಚಿಕೊಂಡಿರುವುದನ್ನೇ ಆರಿಸಿ. ಕಾಲು ಕಿಲೋ ಇಡೀ ತರಬೇತಿಗೆ ಸಾಕು.

ಚಿಪ್ಪನ್ನು ಬ್ರಷ್‌ನಲ್ಲಿ ಉಜ್ಜಿ, ಎರಡು ದಿನ ಡೀಪ್ ಫ್ರೀಜರ್‌ನಲ್ಲಿಡಿ. ರೋಗ ತರುವ ಭಯ ಕಡಿಮೆಯಾಗುತ್ತದೆ, ಕರಗಿಸಿದಾಗ ಬಾಯಿಯೂ ಸುಲಭವಾಗಿ ಬಿಡುತ್ತದೆ. ಒಂದು ಕಡೆಯ ಚಿಪ್ಪು ತೆಗೆದು, ಮಾಂಸವನ್ನು ಬ್ಲೇಡಿನಿಂದ ಉದ್ದುದ್ದ ಸೀಳಿ. ಎಳೆಗಳು ನೀರಿನಲ್ಲಿ ಅಲುಗಬೇಕು, ಮೀನು ಮೊದಲು ಹೆಕ್ಕುವುದು ಅವನ್ನೇ. ಏರ್‌ಸ್ಟೋನ್ ಎಷ್ಟು ದೂರ ಇಟ್ಟರೆ ಎಳೆ ಸರಿಯಾಗಿ ಅಲುಗುತ್ತದೆ ಎಂಬುದರಲ್ಲೊಂದು ಗುಟ್ಟಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಎರಡು ಗಂಟೆಯ ಮೇಲೆ ಚಿಪ್ಪು ತೆಗೆದುಬಿಡಿ. ದಿನಕ್ಕೆ ಮೂರು ಸಲ ಹೀಗೆ ಇಡಿ.

ಸಾಮಾನ್ಯವಾಗಿ ಎರಡನೇ ಟಬ್‌ನಲ್ಲಿ ಬಾಯಿ ಹಾಕುತ್ತದೆ. ಮೂರನೆಯದರಲ್ಲೂ ಮುಟ್ಟದಿದ್ದರೆ ಮೂತಿಯ ತುದಿಗೆ ಗಾಯ ಇದೆಯೇ ನೋಡಿ. ತುದಿ ಬಿಳಿಯಾಗಿದ್ದರೆ ಏನು ಕೊಟ್ಟರೂ ತಿನ್ನದು. ಅಂಥ ಮೀನನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು. ಕಣ್ಣಿನ ಹಿಂದೆ, ಬೆನ್ನಿನ ಮೇಲ್ಭಾಗ ಒಳಗೆ ಕುಸಿದದ್ದನ್ನೂ ತರಬೇಡಿ. ಮೂರೂವರೆ ಇಂಚಿನದು ಒಳ್ಳೆಯ ಅಳತೆ.

ಚಿಪ್ಪು ಖಾಲಿ ಮಾಡುವುದು ಕಲಿತ ಮೇಲೆ ಅಲ್ಲಿಗೇ ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಮೀನು ಹೋಗುತ್ತದೆ. ಹಸಿ ಚಿಪ್ಪುಮಾಂಸದ ಥಯಾಮಿನೇಸ್ ಎಂಬ ಕಿಣ್ವ ಬಿ1 ವಿಟಮಿನ್ನನ್ನು ಒಡೆಯುತ್ತದೆ. ಫ್ರೀಜರ್ ಅದನ್ನು ಕೊಲ್ಲುವುದಿಲ್ಲ. ಬೇಯಿಸಿದರೆ ಹೋಗುತ್ತದೆ, ಆದರೆ ಬೆಂದದ್ದನ್ನು ನನ್ನ ಮೀನುಗಳು ಮುಟ್ಟಲಿಲ್ಲ. ಅದಕ್ಕೇ ಮರುವಾಯಿ ಮಾಂಸ ಮುಕ್ಕಾಲು, ಹೆಚ್ಚಿದ ಮೈಸಿಸ್ ಕಾಲು ಪಾಲು ಬೆರೆಸಿ ಅದೇ ಚಿಪ್ಪಿಗೆ ಒತ್ತಿ. ಎರಡು ದಿನಕ್ಕೊಮ್ಮೆ ಪಾಲು ಬದಲಿಸುತ್ತ ಹೋಗಿ, ಕೊನೆಗೆ ಬರೀ ಮೈಸಿಸ್. ಚಿಪ್ಪು ಈಗ ತಟ್ಟೆ ಅಷ್ಟೇ. ಮೈಸಿಸ್ಸನ್ನು ವಿಟಮಿನ್ ಹನಿಯಲ್ಲಿ ಹದಿನೈದು ನಿಮಿಷ ನೆನೆಸಿಯೇ ಹಾಕಿ. ಕಡೆಯ ಹಂತದಲ್ಲಿ ಪಿಪೆಟ್‌ನಿಂದ ಚಿಪ್ಪಿನ ಮೇಲೆ ಉದುರಿಸಿದರೆ ತೇಲುವುದನ್ನೂ ಹಿಡಿಯಲು ಶುರುಮಾಡುತ್ತದೆ. ಎಲ್ಲ ಸೇರಿ ಮೂರರಿಂದ ನಾಲ್ಕು ವಾರ.

ಫ್ಲೂಕ್ (ಮೈಗೆ, ಕಿವಿರಿಗೆ ಅಂಟುವ ಚಪ್ಪಟೆ ಹುಳ) ಬಗ್ಗೆ: 13ನೇ ದಿನದ ನಂತರ ಅದೇ ಟಬ್‌ನಲ್ಲಿ, ಮೀನು ಚೆನ್ನಾಗಿ ತಿನ್ನುತ್ತಿದ್ದರೆ, ಹುಳದ ಔಷಧ ಪ್ರಾಜಿಕ್ವಾಂಟೆಲ್ ಲೀಟರ್‌ಗೆ 2.5 ಮಿ.ಗ್ರಾಂ. ನೀರು ಬದಲಿಸಿ ವಾರದ ಮೇಲೆ ಇನ್ನೊಂದು ಸಲ. ಗಾಳಿ ಜೋರಾಗಿರಲಿ, ಇದು ಹಾಕಿದಾಗ ಬ್ಯಾಕ್ಟೀರಿಯಾ ಹೆಚ್ಚಿ ಆಮ್ಲಜನಕ ಕುಸಿಯುತ್ತದೆ. ಕರೆಂಟ್ ಹೋದಾಗ ತಾನೇ ಶುರುವಾಗುವ ಬ್ಯಾಟರಿ ಏರ್ ಪಂಪ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ನನಗೆ ಆಗ ತಗುಲಿದ ಖರ್ಚು ನೆನಪಿನಿಂದ ಹೇಳುವುದಾದರೆ: ಮೀನು ಮೂರು ಸಾವಿರದ ಆಸುಪಾಸು, ಐದು ಸಲದ 200 ಲೀಟರ್‌ಗೆ ಏಳೂವರೆ ಕಿಲೋ ಉಪ್ಪು, ಅದು ಎರಡು ಸಾವಿರ. ಟಬ್, ಹೀಟರ್, ಪಂಪ್ ಸೇರಿ ಮೂರು ಸಾವಿರ, ಅದು ಒಂದೇ ಸಲದ ಖರ್ಚು. ಮರುವಾಯಿ ನೂರು ರೂಪಾಯಿ ದಾಟಲಿಲ್ಲ.

ಡಿಸ್‌ಪ್ಲೇಯಲ್ಲೇ ಇಚ್ ಇದ್ದರೆ ಇಷ್ಟೆಲ್ಲ ಮಾಡಿ ಪ್ರಯೋಜನವಿಲ್ಲ, ಮೊದಲು ಅದನ್ನು 76 ದಿನ ಮೀನಿಲ್ಲದೆ ಬಿಡಿ. ಕಾಪರ್‌ಬ್ಯಾಂಡನ್ನು ಡಿಸ್‌ಪ್ಲೇಗೆ ಬಿಟ್ಟ ಮೇಲಿನ ತೊಂದರೆ ಅಲ್ಲಿರುವ ಟ್ಯಾಂಗ್ ಎಂಬ ಮೀನುಗಳದ್ದು, ಕಾಪರ್‌ಬ್ಯಾಂಡ್ ಯೋಚಿಸುವಷ್ಟರಲ್ಲಿ ಅವು ತಟ್ಟೆ ಖಾಲಿ ಮಾಡಿರುತ್ತವೆ. ಅರ್ಧ ಇಂಚಿನ ಪಿವಿಸಿ ಪೈಪಿಗೆ 6 ಮಿ.ಮೀ. ಡ್ರಿಲ್ ಬಿಟ್‌ನಲ್ಲಿ ತೂತು ಹೊಡೆದು, ಅಂಚು ಮರಳು ಕಾಗದದಲ್ಲಿ ಉಜ್ಜಿ, ಒಳಗೆ ಮೈಸಿಸ್ ಪೇಸ್ಟ್ ತುಂಬಿ ಬಂಡೆಗೆ ಒರಗಿಸಿದೆ. ಉದ್ದ ಮೂತಿ ಒಳಗೆ ಹೋಗುತ್ತದೆ, ಟ್ಯಾಂಗ್‌ನ ಬಾಯಿ ಹೋಗುವುದಿಲ್ಲ. ಪೇಸ್ಟ್ ಕರಗಿ ಹೋಗದಂತೆ ಹಿಡಿದಿಡುವ ಪದಾರ್ಥವನ್ನು ಇನ್ನೂ ತಿದ್ದುತ್ತಿದ್ದೇನೆ, ಸದ್ಯಕ್ಕೆ ಅಗರ್‌ನಿಂದ ಶುರುಮಾಡಿ. ಪೈಪನ್ನು ಬೆಳಿಗ್ಗೆ ಸಂಜೆ ತುಂಬಿ, ರಾತ್ರಿ ತೆಗೆದು ತೊಳೆಯಿರಿ.