ಹಳೇ ಕ್ಯಾಲೆಂಡರ್ ಇಳಿಸೋ ಮುಂಚೆ

ಡಿಸೆಂಬರ್ ಕೊನೇ ವಾರ ಅಡುಗೆಮನೆ ಕ್ಯಾಲೆಂಡರ್ ಇಳಿಸೋ ಮುಂಚೆ ಒಂದ್ಸಲ ಕೂತು ಜನವರಿಯಿಂದ ತಿರುವಿ ನೋಡ್ತೀನಿ, ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಊರಿಗೆ ಹೋಗಿದ್ದು ಬಂದಿದ್ದು ಎಲ್ಲಾ ಅದರಲ್ಲೇ ಇರತ್ತೆ. ಈ ವರ್ಷ ಸೀನು, ಕಣ್ಣುರಿ, ಉಬ್ಬಸ ಬಂದ ದಿನಕ್ಕೂ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದೆ. ಎಣಿಸಿದ್ರೆ 14 ಸುತ್ತು, ಅದ್ರಲ್ಲಿ 11 ಪುಣೆಯಲ್ಲಿ ಮಗಳ ಮನೇಲಿದ್ದಾಗಿನವು. ಅವಳ ಮನೇಲಿ ಎರಡು ಬೆಕ್ಕಿವೆ. ಇಷ್ಟು ವರ್ಷ ಪುಣೆ ಚಳಿ ನಂಗೆ ಆಗಲ್ಲ ಅಂತಿದ್ದೆ, ಪಾಪ ಮಗಳು ಪ್ರತಿ ಸಲ ಕಷಾಯ ಕಾಸಿ ಕಾಸಿ ಕೊಡ್ತಿದ್ಲು.

ಸುಮಾರು ಜನ ಬೆಕ್ಕಿನ ಕೂದಲೇ ಆಗ್ಬರಲ್ಲ ಅನ್ಕೋತಾರೆ, ಆದ್ರೆ ತೊಂದರೆ ಕೊಡೋದು ಅದರ ಎಂಜಲು, ಚರ್ಮದ ಹೊಟ್ಟಲ್ಲಿರೋ ಪ್ರೋಟೀನು. ಬೆಕ್ಕು ಮೈ ನೆಕ್ಕಿದ್ದು ಒಣಗಿ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಾಗಿ ಸೋಫಾ, ಪರದೆ, ಹಾಸಿಗೆ ಎಲ್ಲಾದ್ರಲ್ಲೂ ಕೂತ್ಕೊಳತ್ತೆ, ಬೆಕ್ಕು ಆ ಮನೆ ಬಿಟ್ಟು ಹೋದ್ಮೇಲೂ ತಿಂಗಳುಗಟ್ಟಲೆ ಇರತ್ತೆ. ಉಳಿದ 3 ಸುತ್ತೂ ನಂಗೆ ಆಗ್ಲೇ ಅರ್ಥ ಆಗಿದ್ದು, ಅವು ಪುಣೆಯಿಂದ ಬಂದು ಸೂಟ್‌ಕೇಸ್ ಬಿಚ್ಚಿದ ದಿನಗಳು, ಬಟ್ಟೆ ಜೊತೆಗೇ ಅದೂ ಬಂದಿತ್ತು. ಈಗ ವಾಪಸ್ ಬಂದ ತಕ್ಷಣ ಉಟ್ಟಿದ್ದು ಉಡದೇ ಇದ್ದಿದ್ದು ಎಲ್ಲಾ ಒಗೆಯಕ್ಕೆ ಹಾಕಿಬಿಡ್ತೀನಿ.

ಡಾಕ್ಟರ್ ಮೂಗಿನ ಸ್ಪ್ರೇ ಬರೆದುಕೊಟ್ಟಿದ್ರೆ ರೈಲು ಹತ್ತೋ ದಿನ ಶುರು ಮಾಡ್ಬೇಡಿ, ಅದು ಪೂರ್ತಿ ಹಿಡಿಯಕ್ಕೆ ದಿನಗಳು ಬೇಕು, ಎಷ್ಟು ದಿನ ಮುಂಚೆ ಅಂತ ಅವರನ್ನೇ ಕೇಳಿ. ಅಲರ್ಜಿ ಮಾತ್ರೆ ಸೆಟಿರಿಜಿನ್ ತಗೊಂಡ್ರೆ ಕೆಲವರಿಗೆ ತೂಕಡಿಕೆ, ಅದನ್ನ ನುಂಗಿ ಕಾರು ಓಡಿಸಬಾರದು. ಇನ್‌ಹೇಲರ್ ಕೈಚೀಲದಲ್ಲೇ ಇರ್ಲಿ, ಸೂಟ್‌ಕೇಸ್ ತಳಕ್ಕೆ ಹಾಕ್ಬೇಡಿ. ಎದೇಲಿ ಸುಯ್ ಅಂತ ಶಬ್ದ ಬಂದು ಉಸಿರಾಡಕ್ಕೆ ಕಷ್ಟ ಆದ್ರೆ ಕಷಾಯ ಕುಡೀತಾ ಬೆಳಗಾಗ್ಲಿ ಅಂತ ಕಾಯ್ಬೇಡಿ, ರಾತ್ರಿ ಆದ್ರೂ ಆಸ್ಪತ್ರೆಗೆ ಹೋಗಿ.

ದಿಂಬು, ಹೊದಿಕೆ ನಾನು ಮನೆಯಿಂದಾನೇ ಒಯ್ತೀನಿ. ಮಲಗೋ ರೂಮಿಗೆ ಬೆಕ್ಕು ಬರಬಾರದು, ನಾವು ಹೋಗೋ ಎಷ್ಟೋ ದಿನ ಮುಂಚಿಂದಾನೇ ಬಾಗಿಲು ಹಾಕಿಟ್ಟಿರ್ಬೇಕು. ಒಣ ಪೊರಕೇಲಿ ಗುಡಿಸಿದ್ರೆ ಎಲ್ಲಾ ಮೇಲೇಳತ್ತೆ, ಒದ್ದೆ ಬಟ್ಟೇಲಿ ಒರೆಸೋದೇ ವಾಸಿ. ಬೆಕ್ಕನ್ನ ಮುಟ್ಟಿದ ಕೈ ಸೋಪಲ್ಲಿ ತೊಳೆಯೋವರೆಗೂ ಕಣ್ಣಿಗೆ ಹೋಗ್ಬಾರದು, ರಾತ್ರಿ ಸ್ನಾನ ಮಾಡಿ ಬಟ್ಟೆ ಬದಲಾಯಿಸಿ ಮಲಗಿ. ಹೋಂಸ್ಟೇ ಆದ್ರೆ ಬೆಕ್ಕು, ನಾಯಿ ಇದ್ಯಾ ಅಂತ ಕೇಳಿದ್ರೆ ಸಾಲದು, ಆ ರೂಮಲ್ಲಿ ಗೆಸ್ಟ್‌ಗಳು ಅವನ್ನ ಇಟ್ಕೊಂಡು ಉಳೀತಾರಾ ಅಂತಾನೂ ಕೇಳಿ.

ಬೆಕ್ಕುಗಳನ್ನ ಯಾರಿಗಾದ್ರೂ ಕೊಟ್ಬಿಡು ಅಂತ ಮಗಳಿಗೆ ಹೇಳಕ್ಕೆ ನಂಗೆ ಮನಸ್ಸಾಗ್ಲಿಲ್ಲ, ಮಕ್ಕಳ ಥರ ಸಾಕಿದಾಳೆ. ಕ್ಯಾಲೆಂಡರ್ ಫೋಟೋ ತೆಗೆದು ಕಳಿಸಿದೆ ಅಷ್ಟೇ. ಅರ್ಧ ಗಂಟೇಲಿ ಫೋನ್ ಬಂತು, "ಅಮ್ಮ, ಮುಂಚೆನೇ ಯಾಕೆ ಹೇಳ್ಲಿಲ್ಲ" ಅಂತ ಅತ್ಲು. ಹಿಂದಿನ ರೂಮಿನ ಪರದೆ, ರಗ್ಗು ಎಲ್ಲಾ ತೆಗೆದುಹಾಕಿದಾಳಂತೆ. ಸಂಕ್ರಾಂತಿಗೆ ಎಳ್ಳುಬೆಲ್ಲ ತಗೊಂಡು ಹೋಗ್ತಿದೀನಿ, ಹೊಸ ಕ್ಯಾಲೆಂಡರಲ್ಲಿ ಜನವರಿ 12ಕ್ಕೆ ರೈಲು, 1ಕ್ಕೆ ಸ್ಪ್ರೇ ಶುರು ಅಂತ ಬರೆದಾಗಿದೆ.