ನೆನಪಿನ ಸಾಮಾನು: ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು?

ಶಹಾಬಾದ್ ಕಲ್ಲು ಹಾಸಿದ ಹಳೆಯ ಮನೆ ಬಿಟ್ಟು ಕಲಬುರಗಿಯ ಎರಡು ಕೋಣೆಯ ಫ್ಲ್ಯಾಟಿಗೆ ಬರುವವರಿಗೆ ಸೋಫಾ, ಕಪಾಟುಗಳು ತೊಡಕಲ್ಲ. ಅವ್ವನ ಟ್ರಂಕು, ಅಜ್ಜನ ಊರುಗೋಲು, ತಳ ಸವೆದ ಹಿತ್ತಾಳೆ ತಂಬಿಗೆ: ಕೈ ನಿಂತುಬಿಡುವುದು ಇವುಗಳ ಮುಂದೆ.

ಆದ್ದರಿಂದ ಅವುಗಳಿಂದ ಆರಂಭಿಸಬೇಡಿ. ಮೊದಲು ಒಡೆದ ಬಕೆಟ್ಟು, ಕೆಟ್ಟ ಮಿಕ್ಸರ್, ಹಳೆಯ ಕ್ಯಾಲೆಂಡರುಗಳನ್ನು ಸಾಗಹಾಕಿ. ಅಟ್ಟದ ಕೆಲಸ ಬೆಳಿಗ್ಗೆಯೇ ಮುಗಿಯಲಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಮಧ್ಯಾಹ್ನ ಅಟ್ಟ ಹತ್ತಿದವರು ಎಲ್ಲವನ್ನೂ ಎಸೆಯುತ್ತಾರೆ, ಇಲ್ಲವೇ ಏನನ್ನೂ ಎಸೆಯುವುದಿಲ್ಲ.

ನಂತರ ಕಾಗದಪತ್ರಗಳನ್ನು ಬೇರ್ಪಡಿಸಿ. ಇಲ್ಲಿ ಭಾವನೆಗೆ ಕೆಲಸವಿಲ್ಲ. 1948ರವರೆಗೆ ಈ ಭಾಗ ನಿಜಾಮರ ಆಡಳಿತದಲ್ಲಿದ್ದುದರಿಂದ ಹಳೆಯ ಜಮೀನಿನ ಪತ್ರಗಳು ಉರ್ದುವಿನಲ್ಲಿರಬಹುದು. ಓದಲು ಬರುವುದಿಲ್ಲವೆಂದು ರದ್ದಿಗೆ ಹಾಕದೆ, ಬಲ್ಲವರಿಂದ ಓದಿಸಿ. ತಂದೆತಾಯಿಯ ಶಾಲಾ ದಾಖಲೆಗಳನ್ನೂ ಬಿಡಬೇಡಿ. ಈ ಭಾಗದವರಿಗೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರಕ್ಕಾಗಿ ಮಕ್ಕಳು ಕಚೇರಿ ಅಲೆಯುವಾಗ ಅವು ಬೇಕಾಗಬಹುದು.

ಈಗ ಕಷ್ಟದ ಭಾಗ. ಒಬ್ಬರ ನೆನಪಿಗೆ ಒಂದೆರಡು ವಸ್ತು ಸಾಕು; ಬೆಲೆ ನೋಡಬೇಡಿ, ಅವರ ಕೈಗುರುತು ನೋಡಿ. ಅವ್ವನ ಐದು ಸೀರೆಗಳಿಗಿಂತ ಅವಳು ಹೊಲಿದ ಒಂದು ಕೌದಿ ಮೇಲು. ಅದನ್ನು ನೆಲದ ಮೇಲೆ ಹರಡಿ ನೋಡಿ: ಒಂದು ಮೂಲೆಯಲ್ಲಿ ಅಕ್ಕನ ಲಂಗದ ತುಂಡು, ಪಕ್ಕದಲ್ಲಿ ಅಪ್ಪನ ಧೋತರದ ಅಂಚು, ಎಲ್ಲೋ ಒಂದು ಕಡೆ ಸಾಲು ತಪ್ಪಿದ ಹೊಲಿಗೆ. ಕೌದಿ ಇಲ್ಲವೇ? ಉಡದೆ ಮಡಿಸಿಟ್ಟ ಸೀರೆಗಳನ್ನು ಹೊಲಿಯಬಲ್ಲವರ ಕೈಗೆ ಕೊಡಿ. ಇಳಕಲ್ ಸೀರೆಯಾದರೆ ಕತ್ತರಿ ಹಾಕುವ ಮುನ್ನ ಸೊಸೆಯನ್ನೊಮ್ಮೆ ಕೇಳಿ.

ಮದುವೆಗಳಲ್ಲಿ ಬಂದ ಬಿದರಿ ಹೂದಾನಿಗಳು ನಾಲ್ಕಿದ್ದರೆ ಒಂದನ್ನು ಇಟ್ಟುಕೊಳ್ಳಿ, ಅದನ್ನೂ ಪೆಟ್ಟಿಗೆಯಲ್ಲಿ ಮುಚ್ಚಿಡದೆ ಕಣ್ಣಿಗೆ ಬೀಳುವಂತಿಡಿ. ಸತು, ತಾಮ್ರ ಬೆರೆತ ಲೋಹಕ್ಕೆ ಬೀದರ್ ಕೋಟೆಯ ಮಣ್ಣಿನಿಂದ ಬಂದ ಕಪ್ಪು ಅದು. ಹಿತ್ತಾಳೆಯಂತೆ ಹುಣಸೆಹಣ್ಣು ಹಚ್ಚಿ ತಿಕ್ಕಬಾರದು. ಕೊಬ್ಬರಿ ಎಣ್ಣೆ ಸವರಿ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು.

ಬಿಡುವ ಸಾಮಾನಿನ ಫೋಟೊಗಳನ್ನು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, ಒಂದು ಗಡುವು ಕೊಡಿ. "ಇರಲಿ ಬಿಡು, ಅಜ್ಜನ ಕಾಲದ ಹಂಡೆ" ಎಂದು ದೂರದಿಂದಲೇ ಉಪದೇಶಿಸುವ ಕಾಕಾ ಒಬ್ಬರು ಇದ್ದೇ ಇರುತ್ತಾರೆ. "ಹಾಗಾದರೆ ನೀವೇ ಒಯ್ಯಿರಿ ಕಾಕಾ" ಎನ್ನಿ. ಬಹುಪಾಲು ಚರ್ಚೆ ಅಲ್ಲಿಗೆ ಮುಗಿಯುತ್ತದೆ. ಯಾರಿಗೂ ಬೇಡವಾದ ದೊಡ್ಡ ಪಾತ್ರೆಗಳು ದಾಸೋಹ ನಡೆಸುವ ಮಠಕ್ಕೆ ಬೇಕಾಗಬಹುದು, ಮೊದಲು ವಿಚಾರಿಸಿ. ಬೀಸುಕಲ್ಲನ್ನು ಮೂರನೇ ಮಹಡಿಗೆ ಹೊರಿಸುವ ಹಟ ಬೇಡ. ಅವ್ವನಿಗೆ ಬೀಸುವ ಪದಗಳು ನೆನಪಿದ್ದರೆ ಮೊಬೈಲಿನಲ್ಲಿ ಹಾಡಿಸಿ ಉಳಿಸಿಕೊಳ್ಳಿ, ಕಲ್ಲು ಊರಲ್ಲೇ ಇರಲಿ.

ಫೋಟೊಗಳು ಕಟ್ಟಕಡೆಗೆ. ಆಲ್ಬಮ್ ತೆರೆದರೆ ಆ ದಿನ ಬೇರೆ ಕೆಲಸ ಸಾಗುವುದಿಲ್ಲ. ಮಸುಕಾದವು, ಒಂದೇ ದೃಶ್ಯದ ನಾಲ್ಕೈದು ಪ್ರತಿಗಳು ಹೋಗಲಿ. ಉಳಿದವನ್ನು ಮನೆಯ ಹಿರಿಯರ ಮುಂದಿಟ್ಟು, ಯಾರು ಯಾರೆಂದು ಕೇಳಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಬಾಲ್‌ಪೆನ್ನು ಒತ್ತಿ ಬರೆದರೆ ಗೆರೆ ಮುಂಬದಿಗೂ ಮೂಡುತ್ತದೆ.