ನಮ್ಮ ಮನೆಯ ಬಿಸಿನೆಸ್ ಆಟಕ್ಕೆ ಜೂಬಿಲಿ ವರ್ಷ ಬಂದದ್ದು: ನನ್ನ ಅನುಭವ

ಕೆಲವು ವರ್ಷಗಳ ಹಿಂದೆ ನನ್ನ ಮಗನ ಒಂದು ಬುಗುರಿಯನ್ನು ಕಸದ ಬುಟ್ಟಿಗೆ ಹಾಕಿದೆ. ಪ್ಲಾಸ್ಟಿಕ್ಕಿನದು, ಪಟ್ಟಿ ಎಳೆದು ಬಿಟ್ಟರೆ ಗಿರ್ರನೆ ತಿರುಗುವಂಥದ್ದು. ಅದರ ಮೇಲೆ ತಲೆಬುರುಡೆಯ ಚಿತ್ರ ಇತ್ತು. ನಾನು ಸಂಡೇ ಸ್ಕೂಲ್ ಟೀಚರ್, ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಬೈಬಲ್ ಕಲಿಸುತ್ತೇನೆ. ನಮ್ಮ ಮನೆಯಲ್ಲೇ ಇಂಥದ್ದು ಇದ್ದರೆ ಬೇರೆಯವರ ಮಕ್ಕಳಿಗೆ ಏನು ಹೇಳಲಿ ಅನ್ನಿಸಿತು. ಅವನಿಗೆ ಆಗ ಒಂಬತ್ತು ವರ್ಷ. ಅಳಲಿಲ್ಲ, ಜಗಳ ಆಡಲಿಲ್ಲ. ಎರಡು ವಾರ ಆದ ಮೇಲೆ ಒಗೆಯೋಣ ಅಂತ ಅವನ ಸ್ಕೂಲ್ ಬ್ಯಾಗ್ ತೆಗೆದರೆ, ಜಾಮೆಟ್ರಿ ಬಾಕ್ಸಿನೊಳಗೆ ಅಂಥದ್ದೇ ಇನ್ನೊಂದು ಬುಗುರಿ. ಗೆಳೆಯನ ಹತ್ತಿರ ಇಸ್ಕೊಂಡಿದ್ದ. ನಾನು ಅವನಿಗೆ ಕಲಿಸಿದ್ದು ಬಚ್ಚಿಡುವುದನ್ನು.

ಅದೇ ವಾರ ಇನ್ನೊಂದು ನಡೆಯಿತು. ಮಕ್ಕಳಿಬ್ಬರೂ ನೆಲದ ಮೇಲೆ ಬಿಸಿನೆಸ್ ಆಟ ಹರಡಿಕೊಂಡು ಕೂತಿದ್ದರು. ಮುಂಬೈ, ದೆಹಲಿ ಅಂತ ಊರುಗಳನ್ನು ಕೊಂಡು ಬಾಡಿಗೆ ವಸೂಲಿ ಮಾಡುವ ಆಟ ಗೊತ್ತಲ್ವಾ, ಅದೇ. ಆರು ವರ್ಷದ ಮಗಳ ಕಾಯಿ ಮುಂಬೈ ಮೇಲೆ ಬಂತು. ಅಲ್ಲಿ ಅಣ್ಣನ ಹೋಟೆಲ್. ಇದ್ದ ನೋಟನ್ನೆಲ್ಲ ಎಣಿಸಿ ಕೊಟ್ಟಳು, ಸಾಲಲಿಲ್ಲ. "ಇನ್ನೂ ಕೊಡು, ಇಲ್ಲಾಂದ್ರೆ ನೀನು ಔಟ್" ಅಂದ, ನಗುತ್ತಾ. ಅವಳ ಕಣ್ಣು ತುಂಬಿತ್ತು. ಅವನ ನಗು ನೋಡಿ ನನಗೆ ಹೆದರಿಕೆಯಾಯಿತು. ಆ ಡಬ್ಬಿಯ ಮೇಲೆ ಬುರುಡೆ ಇರಲಿಲ್ಲ, ದೆವ್ವ ಇರಲಿಲ್ಲ, ಬಂದೂಕೂ ಇರಲಿಲ್ಲ. ಕ್ರಿಸ್ಮಸ್‌ಗೆ ನಾನೇ ಕೊಡಿಸಿದ್ದು.

ಅಲ್ಲಿಯವರೆಗೆ ನಾನು ಆಟಿಕೆಯ ಮೇಲಿನ ಚಿತ್ರ ಮಾತ್ರ ನೋಡುತ್ತಿದ್ದೆ. ಆಮೇಲಿನಿಂದ ಮನೆಗೆ ಯಾವ ಆಟ ಬಂದರೂ ಮೊದಲು ಜೊತೆಗೆ ಕೂತು ಆಡುತ್ತೇನೆ. ಆಡಿದ ಮೇಲೆ ಮಕ್ಕಳನ್ನೇ ಕೇಳುತ್ತೇನೆ: "ಈ ಆಟದಲ್ಲಿ ಗೆಲ್ಲಬೇಕು ಅಂದ್ರೆ ನಾವು ಎಂಥವರಾಗಬೇಕು?"

ಇದನ್ನು ನಮ್ಮ ಪರವಾಗಿ ಬೇರೆ ಯಾರೂ ಕೇಳುವುದಿಲ್ಲ. 2021ರ ಜನವರಿಯಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಚೂಪು ಅಂಚು, ಬಣ್ಣದಲ್ಲಿರುವ ಸೀಸ, ಬೆಂಕಿ ಹತ್ತುವ ಭಯ, ಇವನ್ನೆಲ್ಲ ಪರೀಕ್ಷೆ ಮಾಡುತ್ತಾರೆ. ತುಂಬಾ ಒಳ್ಳೆಯದು. ಫೋನಿನ ಆಟಗಳಿಗೆ 3+, 7+ ಅಂತ ವಯಸ್ಸಿನ ಗುರುತು ಇರುತ್ತದೆ. ಅದು ಹೊಡೆದಾಟ, ಕೆಟ್ಟ ಮಾತು ಎಷ್ಟಿದೆ ಅಂತ ತಿಳಿಸುತ್ತದೆ. ದುರಾಸೆಗೆ ಯಾವ ಗುರುತೂ ಇಲ್ಲ.

ಬುರುಡೆ ಬುಗುರಿಗೂ ಇದೇ ಪ್ರಶ್ನೆ ಹಾಕಿದೆವು. ಜಾಸ್ತಿ ಹೊತ್ತು ತಿರುಗಬೇಕು, ಅಷ್ಟೇ ಅಂದ ಮಗ. ನಿಜ. ಅವನ ಹತ್ತಿರ ಕ್ಷಮೆ ಕೇಳಿ ಇನ್ನೊಂದು ಕೊಡಿಸಿದೆ. ಈ ಬಾರಿ ಚಿತ್ರವನ್ನು ಅವನೇ ಆರಿಸಿದ, ಹುಲಿ ಇರುವುದು.

ಮಗಳ ಗೊಂಬೆಯ ವಿಷಯ ಇಷ್ಟು ಸುಲಭವಾಗಿರಲಿಲ್ಲ. "ಅಮ್ಮಾ, ನಾನ್ಯಾಕೆ ಇವಳ ಥರ ಬೆಳ್ಳಗೆ, ಸಣ್ಣಗೆ ಇಲ್ಲ?" ಅಂತ ಒಂದು ರಾತ್ರಿ ಕೇಳಿದಳು. ಈ ಪಾಠ ಹೊಸದಲ್ಲ. 1965ರಲ್ಲಿ ಅಮೆರಿಕದಲ್ಲಿ ಬಂದ ಬಾರ್ಬಿ ಗೊಂಬೆಯ ಒಂದು ಉಡುಪಿನ ಸೆಟ್ಟಿನ ಜೊತೆ ಪುಟ್ಟ ತೂಕದ ಯಂತ್ರ ಕೊಟ್ಟಿದ್ದರು. ಅದರ ಮುಳ್ಳು 110 ಪೌಂಡಿಗೆ, ಅಂದರೆ ಸುಮಾರು 50 ಕೆ.ಜಿ.ಗೆ ನಿಂತೇ ಇತ್ತು. ತೂಕ ಇಳಿಸುವುದು ಹೇಗೆ ಅನ್ನುವ ಪುಟ್ಟ ಪುಸ್ತಕವೂ ಇತ್ತು. ಅದರಲ್ಲಿದ್ದ ಸಲಹೆ, "ತಿನ್ನಬೇಡ." ನಾನು ಗೊಂಬೆಯನ್ನು ಕಿತ್ತುಕೊಳ್ಳಲಿಲ್ಲ. ಚನ್ನಪಟ್ಟಣದಲ್ಲಿ ಬಸ್ಸಿಳಿದು ಆಲೆ ಮರದ ನಾಲ್ಕು ಗೊಂಬೆ ತಂದೆ. ಒಂದು ಗುಂಡಗೆ, ಒಂದು ಕುಳ್ಳಗೆ. ಎಲ್ಲವೂ ಒಂದೇ ಮನೆಯವರಾದವು, ಆ ಬೆಳ್ಳನೆಯವಳೂ ಸೇರಿ. ಬೈಬಲ್ಲಿನ ಪ್ರವಾದಿ ಸಮುವೇಲನು ಇಷಯನ ಮನೆಗೆ ಹೋಗಿ ಎತ್ತರದ ಹಿರಿ ಮಗನನ್ನು ನೋಡಿ ಇವನೇ ಅರಸ ಅಂದುಕೊಂಡದ್ದನ್ನು, ದೇವರು ಮಾತ್ರ ಕಿರಿ ಮಗ ದಾವೀದನನ್ನು ಆರಿಸಿದ್ದನ್ನು ಆ ಗೊಂಬೆಗಳಿಂದಲೇ ಆಡಿಸಿದೆವು. ಮಗಳು ದಾವೀದನ ಪಾತ್ರವನ್ನು ಗುಂಡನೆಯ ಗೊಂಬೆಗೆ ಕೊಟ್ಟಳು.

ಎರಡು ಕಡೆ ಮಾತ್ರ ನಾನು ಖಡಾಖಂಡಿತ ಬೇಡ ಅಂದಿದ್ದೇನೆ. ಒಂದು, ನಾಣ್ಯ ಅಥವಾ ಹಲಗೆ ಇಟ್ಟು ಸತ್ತವರನ್ನು ಕರೆಯುವುದು. ಅಮೆರಿಕದಲ್ಲಿ 1890ರ ದಶಕದಿಂದ ಅದನ್ನು ಆಟದ ಸಾಮಾನಾಗಿಯೇ ಮಾರಿದ್ದಾರೆ. ಆದರೆ ಸತ್ತವರನ್ನು ವಿಚಾರಿಸಬಾರದು ಅನ್ನುವ ಬೈಬಲ್ಲಿನ ಧರ್ಮೋಪದೇಶಕಾಂಡ 18ನೇ ಅಧ್ಯಾಯ ಓದಿದ ಮೇಲೆ ನನಗೆ ಅದು ಆಟವಾಗಿ ಕಾಣುವುದಿಲ್ಲ. ಇನ್ನೊಂದು, ಒಳಗೇನಿದೆ ಅಂತ ಗೊತ್ತಿಲ್ಲದ ಪೆಟ್ಟಿಗೆಯನ್ನು ದುಡ್ಡು ಕೊಟ್ಟು ತೆರೆಯುವ ಫೋನ್ ಆಟಗಳು. ಬೆಲ್ಜಿಯಂ 2018ರಲ್ಲೇ ಅದನ್ನು ಜೂಜು ಅಂತ ಕರೆಯಿತು. ಮಕ್ಕಳಿಗೆ ಕಾರಣ ಹೇಳಿದೆ, ಚರ್ಚೆಗೆ ಬಿಡಲಿಲ್ಲ.

ಬಿಸಿನೆಸ್ ಆಟವನ್ನೂ ಅಟ್ಟದ ಮೇಲೆ ಹಾಕಿಬಿಡೋಣ ಅನ್ನಿಸಿತ್ತು. ಅಷ್ಟರಲ್ಲಿ ಅದರ ಮೂಲದ ಕಥೆ ಓದಿದೆ. ಎಲಿಜಬೆತ್ ಮ್ಯಾಗಿ ಅನ್ನುವ ಅಮೆರಿಕದ ಹೆಂಗಸು 1904ರಲ್ಲಿ ಜಮೀನ್ದಾರನ ಆಟ ಅಂತ ಒಂದಕ್ಕೆ ಪೇಟೆಂಟ್ ಪಡೆದಿದ್ದರು. ಭೂಮಿಯೆಲ್ಲ ಕೆಲವರ ಕೈಗೆ ಸೇರಿದರೆ ಉಳಿದವರ ಗತಿ ಏನಾಗುತ್ತದೆ ಅಂತ ತೋರಿಸುವುದು ಅವರ ಉದ್ದೇಶ. ಮುಂದೆ ಅದಕ್ಕೆ ಎರಡು ಬಗೆಯ ನಿಯಮ ಇಟ್ಟರು. ಒಂದರಲ್ಲಿ ಒಬ್ಬನೇ ಎಲ್ಲವನ್ನೂ ಬಾಚಿಕೊಳ್ಳುತ್ತಾನೆ, ಇನ್ನೊಂದರಲ್ಲಿ ಹುಟ್ಟಿದ ಸಂಪತ್ತು ಎಲ್ಲರಿಗೂ ಹಂಚಿಕೆಯಾಗುತ್ತದೆ. 1935ರಲ್ಲಿ ಮೊನೊಪಲಿ ಅಂತ ಲೋಕಕ್ಕೆಲ್ಲ ಹೋದದ್ದು ಬಾಚಿಕೊಳ್ಳುವ ಬಗೆ ಮಾತ್ರ. ಓದಿ ನನಗೆ ಬೇಜಾರೂ ಆಯಿತು, ಧೈರ್ಯವೂ ಬಂತು. ನಿಯಮ ಬದಲಾಯಿಸಬಹುದು ಅಲ್ವಾ!

ಬೈಬಲ್ಲಿನ ಯಾಜಕಕಾಂಡ 25ನೇ ಅಧ್ಯಾಯ ತೆರೆದು ಕೂತೆವು. ಐವತ್ತನೇ ವರ್ಷ ಜೂಬಿಲಿ. ಕೊಂಬು ಊದಬೇಕು, ಮಾರಿದ ಭೂಮಿ ಮೊದಲಿನವರಿಗೆ ಹಿಂದಿರುಗಬೇಕು. ನಾವು ಮಾಡಿದ್ದು ಹೀಗೆ. ಶುರುವಿನಲ್ಲೇ ಊರುಗಳ ಕಾರ್ಡುಗಳನ್ನು ಸಮನಾಗಿ ಹಂಚಿದೆವು, ಇಸ್ರಾಯೇಲರ ಕುಲಗಳಿಗೆ ಹಂಚಿದ ಹಾಗೆ. ಕಷ್ಟ ಬಂದವರು ಇನ್ನೊಬ್ಬರಿಗೆ ಮಾರಬಹುದು. ಒಂದು ಸುತ್ತಿಗೆ ಹತ್ತು ವರ್ಷ ಅಂತ ಲೆಕ್ಕ. ಎಲ್ಲರಿಗಿಂತ ಹಿಂದಿರುವವರು ಐದನೇ ಸುತ್ತು ಮುಗಿಸಿದಾಗ ಜೂಬಿಲಿ. ಕೊಂಬು ಇಲ್ಲದ್ದಕ್ಕೆ ಸ್ಟೀಲ್ ತಟ್ಟೆ, ಸೌಟು.

ಮೊದಲ ದಿನ ನಾಲ್ಕನೇ ಸುತ್ತಿನ ಕೊನೆಯಲ್ಲಿ ಮಗಳು ಚೆನ್ನೈ ಮಾರಲು ಹೊರಟಳು. "ಪೂರ್ತಿ ದುಡ್ಡು ಯಾಕೆ ಕೊಡ್ಲಿ? ಹೇಗೂ ಇನ್ನೊಂದು ಸುತ್ತಿಗೆ ನಿಂಗೇ ವಾಪಸ್ ಹೋಗತ್ತೆ" ಅಂದ ಮಗ. ನಾನು 16ನೇ ವಚನ ತೋರಿಸಿದೆ. ವರ್ಷ ಕಡಿಮೆ ಉಳಿದಿದ್ದರೆ ಬೆಲೆಯೂ ಕಡಿಮೆ ಅಂತ ಅಲ್ಲೇ ಬರೆದಿದೆ. ಅವನ ಮುಖ ಅರಳಿತು. ಅಷ್ಟಕ್ಕೆ ಬಿಡಲಿಲ್ಲ. ಮುಂದೆ ಓದಿ, ಗೋಡೆ ಇರುವ ಪಟ್ಟಣದ ಮನೆ ಒಂದು ವರ್ಷದೊಳಗೆ ಬಿಡಿಸಿಕೊಳ್ಳದಿದ್ದರೆ ಕೊಂಡವನಿಗೇ ಉಳಿಯುತ್ತದೆ ಅನ್ನುವುದನ್ನೂ ಹುಡುಕಿದ. ಮುಂಬೈ, ಚೆನ್ನೈ ಎಲ್ಲ ಪಟ್ಟಣಗಳೇ ಅಲ್ವಾ, ಹಾಗಾಗಿ ಏನೂ ಹಿಂದೆ ಕೊಡಬೇಕಿಲ್ಲ ಅಂತ ಅವನ ವಾದ! ಊಟದ ಹೊತ್ತಿನವರೆಗೂ ವಾದ ನಡೆಯಿತು. ಅವರಪ್ಪ 23ನೇ ವಚನ ಓದಿದರು, ಭೂಮಿ ದೇವರದು, ನಾವು ಪರದೇಶಿಗಳು ಅನ್ನುವುದು. ಕೊನೆಗೆ, ಜಾಗ ಹಿಂದೆ ಹೋಗಬೇಕು, ಅದರ ಮೇಲೆ ಕಟ್ಟಿದ ಮನೆಗೆ ಅರ್ಧ ದುಡ್ಡು ಸಿಗಬೇಕು ಅಂತ ತೀರ್ಮಾನ ಆಯಿತು. ಅವನು ಸೀರಿಯಸ್ಸಾಗಿ ಬೈಬಲ್ ಓದಿದ್ದನ್ನು ನಾನು ಮೊದಲು ನೋಡಿದ್ದು ಅವತ್ತೇ.

ಈಗ ಸಂಡೇ ಸ್ಕೂಲಿನ ದೊಡ್ಡ ಮಕ್ಕಳೂ ಬೇಸಿಗೆ ರಜೆಯಲ್ಲಿ ಹೀಗೇ ಆಡುತ್ತಾರೆ. ಕೆಲವು ಹುಡುಗರಿಗೆ ಇದು ಇಷ್ಟವಿಲ್ಲ, ಗೆದ್ದದ್ದನ್ನು ಕೊಡುವುದು ಕಷ್ಟ ಅನ್ನುತ್ತಾರೆ. ಕಷ್ಟವೇ. ನಾನು ಒತ್ತಾಯ ಮಾಡುವುದಿಲ್ಲ, ಹಳೆಯ ನಿಯಮದಲ್ಲಿ ಒಂದು ದಿನ, ಜೂಬಿಲಿ ನಿಯಮದಲ್ಲಿ ಒಂದು ದಿನ ಆಡಿಸಿ ಅದೇ ಪ್ರಶ್ನೆ ಕೇಳುತ್ತೇನೆ.

ಮಗಳು ಈಗಲೂ ಮನೆಯಲ್ಲಿ ಅಣ್ಣನ ಹತ್ತಿರ ಜಾಸ್ತಿ ಸೋಲುತ್ತಾಳೆ. ನೋಟು ಖಾಲಿಯಾದರೆ ಅಳುವುದಿಲ್ಲ, ಸುತ್ತು ಎಣಿಸುತ್ತಾಳೆ. ತಟ್ಟೆ, ಸೌಟು ಅವಳ ಮಂಡಿಯ ಪಕ್ಕದಲ್ಲೇ ಇರುತ್ತವೆ.